ಖಾತ್ರಿಗೊಂದು ಮುಳುಗು

ಸ್ಯಾನ್ ಡಿಯೇಗೊ ಇನ್ನೂ ಅರ್ಧ ದಾರಿ ಇರುವಾಗಲೇ ಮಿಲ್ಕಾಳಿಗೆ ಸಾಕುಸಾಕಾಗಿತ್ತು. ಲಾಸ್ ಏಂಜಲೀಸ್ ಪಕ್ಕದ ಟೊರೆನ್ಸಿನ ಮನೆ ಬಿಟ್ಟಾಗಿನಿಂದ ಗಂಡ ಗಿರೀಶ ಒಂದೇ ಲೇನಿನಲ್ಲಿ, ಒಂದೇ ವೇಗದಲ್ಲಿ, ಯಾವುದೋ ಹಾಡಿನ ಅರ್ಧ ಸಾಲನ್ನು ಗುನುಗುತ್ತ ಡ್ರೈವ್ ಮಾಡುತ್ತಿದ್ದ. ಆ ಸಾಲು ಮುಂದಕ್ಕೂ ಹೋಗುತ್ತಿರಲಿಲ್ಲ, ನಿಲ್ಲುತ್ತಲೂ ಇರಲಿಲ್ಲ. ಹಿಂದಿನ ಸೀಟಿನಲ್ಲಿ ದೊಡ್ಡ ಸ್ಟೀಲ್ ಡಬರಿಯನ್ನು ಸೀಟ್ ಬೆಲ್ಟು ಹಾಕಿ ಕೂರಿಸಿದ್ದಳು. ಒಳಗೆ ಮಲೀದಾ: ನೆನೆಸಿದ ಅವಲಕ್ಕಿ, ತುರಿದ ಕಾಯಿ, ಸಕ್ಕರೆ, ಏಲಕ್ಕಿ, ಬಾದಾಮಿ. ನಿನ್ನೆ ಆರ್ಟೀಸಿಯಾದ ಇಂಡಿಯನ್ ಅಂಗಡಿಗೆ ಇವನನ್ನು ಕಳಿಸಿದ್ದೇ ತಪ್ಪಾಯಿತು. ದಪ್ಪ ಅವಲಕ್ಕಿ ತಾ ಎಂದು ಹೇಳಿ, ಫೋನಿಗೂ ಬರೆದು ಹಾಕಿದ್ದರೂ ಪೇಪರ್ ಅವಲಕ್ಕಿ ತಂದಿದ್ದ. ಈಗ ಡಬರಿಯಲ್ಲಿ ಅದು ಮುದ್ದೆಯಾಗುತ್ತಿರುತ್ತದೆ. ಅದನ್ನು ಹೋಗಿ ನೂರು ಜನರ ಮುಂದಿಟ್ಟು, ನೋಡಿ ಇದು ನಮ್ಮ ಪದ್ಧತಿ ಎನ್ನಬೇಕು. ಅವಲಕ್ಕಿ ಅಂದರೆ ಅವಲಕ್ಕಿ, ಅಲ್ಲಿ ಯಾರಿಗೆ ಗೊತ್ತಾಗುತ್ತದೆ ಎಂಬುದು ಗಿರೀಶನ ವಾದ. ಅವನಿಗೆ ಎಲ್ಲದರಲ್ಲೂ ಇದೇ ವಾದ. ಯಾರಿಗೂ ಗೊತ್ತಾಗುವುದಿಲ್ಲ ಎಂಬುದೇ ತನ್ನ ಜೀವಮಾನದ ಕಷ್ಟ ಎಂದು ಇವನಿಗೆ ಹೇಗೆ ತಿಳಿಸುವುದು ಎಂದು ಅವಳು ಕಿಟಕಿಯ ಕಡೆ ತಿರುಗಿದಳು.

ಅಲ್ಲಿಯ ಸಿನಗಾಗಿನಲ್ಲಿ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರದಲ್ಲಿ, ಭಾನುವಾರ ಬೆಳಿಗ್ಗೆ ಒಂದು ಕಲಿಕೆಯ ಬಳಗ ಸೇರುತ್ತದೆ. ಚರಿತ್ರೆ, ಹಬ್ಬ, ಅಡುಗೆ, ಗ್ರಂಥ ಎಂದು ವಾರಕ್ಕೊಂದನ್ನು ಹಿಡಿದುಕೊಂಡು ದೊಡ್ಡವರು ಮಕ್ಕಳ ಹಾಗೆ ಪಾಠ ಕೇಳುತ್ತಾರೆ. ಈ ವಾರ ಭಾರತದ ಯಹೂದಿಗಳು. ಅದಕ್ಕೆ ಮಿಲ್ಕಾಳನ್ನು ಕರೆದಿದ್ದರು. ಮಧ್ಯಾಹ್ನ ಇನ್ನೊಂದು ಕೆಲಸವಿತ್ತು. ಅದರ ಮಾತನ್ನು ಅವಳೂ ಎತ್ತಿರಲಿಲ್ಲ, ಗಿರೀಶನೂ ಎತ್ತಿರಲಿಲ್ಲ. ಮಧ್ಯಾಹ್ನ ಅವರ ಒಬ್ಬಳೇ ಮಗಳು ರಕ್ಷಿತಾ, ಅದೇ ಬಳಗದ ರಬ್ಬಿಯ, ಅಂದರೆ ಧರ್ಮಗುರುವಿನ, ಎದುರಿಗೆ, ಸಮುದ್ರದಲ್ಲಿ ಮುಳುಗಿ ಎದ್ದು ಯಹೂದಿಯಾಗುವವಳಿದ್ದಳು. ತಾಯಿ ಯಹೂದಿಯಾದರೆ ಮಗು ಯಹೂದಿ. ಯಾವ ರಬ್ಬಿಯನ್ನು ಕೇಳಿದರೂ ಇದನ್ನೇ ಹೇಳುತ್ತಾನೆ. ಮಿಲ್ಕಾ ಯಹೂದಿ, ಅವಳ ತಾಯಿ ಯಹೂದಿ, ಆ ತಾಯಿಯ ತಾಯಿ ಯಹೂದಿ, ಹಿಂದಕ್ಕೆ ಹೋದಷ್ಟೂ ಹಾಗೇ. ಹುಟ್ಟಿದ ದಿನವೇ ಆಗಿಹೋದದ್ದನ್ನು ಹುಡುಗಿ ಮತ್ತೊಮ್ಮೆ ಆಗುತ್ತಾಳಂತೆ. ಖಾತ್ರಿಗೆ ಇರಲಿ ಅಂತ. ಫೋನಿನಲ್ಲಿ ರಕ್ಷಿತಾ ಹಾಗೇ ಹೇಳಿದ್ದಳು, ಕಾರಿಗೆ ಇನ್ನೊಂದು ಇನ್ಶೂರೆನ್ಸ್ ಮಾಡಿಸುವವರ ಧಾಟಿಯಲ್ಲಿ. ಯಾರೂ ಒತ್ತಾಯ ಮಾಡಿಲ್ಲ, ರಬ್ಬಿ ಬೇಡವೆಂದೇ ಹೇಳಿದ್ದಾರೆ, ತನಗೇ ಬೇಕಾಗಿದೆ ಎಂದೂ ಸೇರಿಸಿದ್ದಳು. ಬಯ್ಯಲಿಕ್ಕೆ ಒಬ್ಬರಾದರೂ ಸಿಕ್ಕಿದ್ದರೆ ಮಿಲ್ಕಾಳಿಗೆ ಎಷ್ಟೋ ಹಗುರವಾಗುತ್ತಿತ್ತು.

‘ನೀರಾಗ ಮುಳುಗಿದ್ರ ಏನ್ ಆಗ್ತದ,’ ಎಂದ ಗಿರೀಶ, ಅವಳ ಮನಸ್ಸಿನಲ್ಲಿ ನಡೆದದ್ದನ್ನು ಹೇಗೋ ಮೂಸಿ ನೋಡಿದವನಂತೆ. ‘ನಾವು ಕೂಡಲಸಂಗಮಕ್ಕ ಹೋದಾಗ ಮುಳುಗಲಿಲ್ಲೇನು. ಮಾಡ್ಕೊಳ್ಳಲಿ ಬಿಡು.’

ಅವಳು ಹಿಂದಕ್ಕೆ ಬಾಗಿ ಡಬರಿಯ ಬೆಲ್ಟು ಬಿಗಿಮಾಡಿದಳು. ಇಂಜಿನಿಯರಿಂಗ್ ಓದುವಾಗ ಇದೇ ‘ಬಿಡು’ ಎಂಬ ಮಾತಿಗೆ ಅವನನ್ನು ಮೆಚ್ಚಿ ಮದುವೆಯಾಗಿದ್ದಳಲ್ಲ, ಯಾರಿಗೆ ಹೇಳುವುದು. ಗಿರೀಶ ಹಿರೇಮಠ ಎಂದರೆ ಹುಬ್ಬಳ್ಳಿಯಿಂದ ಲಾಸ್ ಏಂಜಲೀಸಿನ ತನಕ ಯಾರೂ ನೀನು ಯಾರು ಎಂದು ಎರಡನೇ ಸಲ ಕೇಳುವುದಿಲ್ಲ. ಅವನ ತಾಯಿ ಶಂಕ್ರವ್ವ ಮದುವೆಗೆ ಮೊದಲು ಓಣಿಯವರ ಮುಂದೆ, ಹುಡುಗಿ ಮಂದಿ ಸಾಬರೂ ಅಲ್ಲವಂತೆ, ಕಿರಿಸ್ತಾನರೂ ಅಲ್ಲವಂತೆ, ಮತ್ತೆ ಯಾರೋ ತಾಯಿ ನನಗೆ ಬಾಯಿಗೆ ಬರುವುದಿಲ್ಲ ಎಂದಿದ್ದಳು. ಆದರೂ ಒಳಗೆ ಕರೆದುಕೊಂಡಳು. ಮಿಲ್ಕಾಳ ಅಪ್ಪ ಸೆಮ್ಸನ್ ಪೇಣಕರ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಕೊಂಕಣದಿಂದ ರೈಲಿನ ನೌಕರಿ ಹಿಡಿದು ಊರೂರಿಗೆ ಚದುರಿದ ಬೆನೆ ಇಸ್ರಾಯೆಲಿ ಯಹೂದಿಗಳಲ್ಲಿ ಒಬ್ಬ. ಆ ಕ್ವಾರ್ಟರ್ಸಿನಲ್ಲಿ ಅವರದೊಂದೇ ಅಂಥ ಮನೆ. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ, ದೇವರ ಮುಂದೆ ಅರ್ಥವಾಗದ ಹೀಬ್ರೂ. ಶನಿವಾರ ಒಲೆ ಹಚ್ಚುತ್ತಿರಲಿಲ್ಲ. ವರ್ಷಕ್ಕೊಮ್ಮೆ ದೊಡ್ಡ ಉಪವಾಸದ ದಿನ ಬಾಗಿಲು ಹಾಕಿಕೊಂಡು ಕೂರುತ್ತಿದ್ದರು, ಆಗ ಪಕ್ಕದ ಮನೆಯ ಶಾರದವ್ವ ಅವರ ಕಟ್ಟೆಯ ಮೇಲೆ ಕಡಲೆಕಾಯಿ ಸುಲಿಯುತ್ತ ಕೂತು, ಬಂದವರನ್ನೆಲ್ಲ ಇವತ್ತು ಅವರು ಸಿಗುವುದಿಲ್ಲ, ನಾಳೆ ಬರ್ರಿ ಎಂದು ತಿರುಗಿಸಿ ಕಳಿಸುತ್ತಿದ್ದಳು. ಶಾರದವ್ವನಿಗೆ ಅಬ್ರಹಾಮನೂ ಗೊತ್ತಿರಲಿಲ್ಲ, ಮೋಶೆಯೂ ಗೊತ್ತಿರಲಿಲ್ಲ. ಇವರು ಶನಿವಾರ ಒಲೆ ಹಚ್ಚದವರು. ಅಷ್ಟು ಸಾಕಾಗಿತ್ತು ಅವಳಿಗೆ.

ಪ್ರಶ್ನೆ ಶುರುವಾದದ್ದು ಅಮೆರಿಕಕ್ಕೆ ಬಂದ ಮೇಲೆ, ಅದೂ ತನ್ನವರೇ ಎಂದುಕೊಂಡವರಿಂದ. ಲಾಸ್ ಏಂಜಲೀಸಿನಲ್ಲಿ ಮೊದಲ ಸಲ ಸಿನಗಾಗಿಗೆ ಹೋದಾಗ, ಮುಂಬಯಿ ಬಿಟ್ಟರೆ ಬೇರೆಲ್ಲೂ ಇಷ್ಟು ಯಹೂದಿಗಳನ್ನು ಒಟ್ಟಿಗೆ ಕಂಡಿರದ ಅವಳಿಗೆ ಎದೆ ತುಂಬಿಬಂದು, ಒಂದು ರೇಷ್ಮೆ ಸೀರೆ ಉಟ್ಟು, ಹಬ್ಬದ ದಿನ ಬಾಗಿಲಲ್ಲಿ ನಿಂತಿದ್ದಳು. ಪಕ್ಕದಲ್ಲಿ ಗಾಲಿಕುರ್ಚಿಯಲ್ಲಿ ಯಾರೋ ಮುದುಕಿ. ಬಾಗಿಲಿನವನು ನಗುನಗುತ್ತ, ಅಮ್ಮನವರನ್ನು ಒಳಗೆ ಕೂರಿಸಿ ಕುರ್ಚಿಯನ್ನು ಮಡಚಿ ಆ ಮೂಲೆಗೆ ಇಡಿ, ನೀವು ಬೇಕಾದರೆ ಹೊರಗಿನ ಹಾಲಿನಲ್ಲಿ ಕಾಯಬಹುದು ಎಂದ. ಅವಳನ್ನು ಮುದುಕಿಯ ಆರೈಕೆಯವಳು ಎಂದುಕೊಂಡಿದ್ದ. ಅವನ ಮೇಲೆ ಇವತ್ತಿಗೂ ಅವಳಿಗೆ ಅಷ್ಟು ಸಿಟ್ಟಿಲ್ಲ. ಸಿಟ್ಟು ತನ್ನ ಮೇಲೆ. ಯಾಕೆಂದರೆ ಅವಳು ಕುರ್ಚಿಯನ್ನು ಮಡಚಿ ಮೂಲೆಗೆ ಇಟ್ಟಳು. ಆಮೇಲೆ ಒಳಗೆ ಹೋಗಿ ಕೂತಳು ನಿಜ, ಆದರೆ ಮೊದಲು ಕುರ್ಚಿ ಮಡಚಿದಳು. ಆಮೇಲಾಮೇಲೆ ಹೋಗುವುದು ಕಡಿಮೆಯಾಯಿತು. ಕನ್ನಡ ಸಂಘ ಸಲೀಸಾಗಿತ್ತು. ಅಲ್ಲಿ ಹಿರೇಮಠ ಎಂದರೆ ಮುಗಿಯಿತು, ಯುಗಾದಿಗೆ ರಕ್ಷಿತಾ ಸ್ಟೇಜಿನ ಮೇಲೆ ಕುಣಿದಳು, ಗಣಪತಿಗೆ ಮಿಲ್ಕಾ ಕೋಸಂಬರಿ ಮಾಡಿಕೊಂಡು ಹೋದಳು. ಆಫೀಸಿನಲ್ಲಿ ದೀಪಾವಳಿಗೆ ಶುಭಾಶಯ ಹೇಳಿದವರಿಗೆಲ್ಲ ಥ್ಯಾಂಕ್ಸ್ ಹೇಳಿದಳು. ಪ್ರತಿ ಸಲ ಮೊದಲಿನಿಂದ ಕೊನೆಯವರೆಗೆ ವಿವರಿಸಿ, ಓ ಹಾಗೂ ಇದ್ದಾರೆಯೇ ಎಂಬ ಉದ್ಗಾರ ಕೇಳುವುದಕ್ಕಿಂತ ಥ್ಯಾಂಕ್ಸ್ ಹಗುರ. ತೊಟ್ಟಿಲ ಮುಂದೆ ಮಾತ್ರ ಶೆಮಾ ಹೇಳುತ್ತಿದ್ದಳು, ದೇವರು ಒಬ್ಬನೇ ಎನ್ನುವ ಆ ಒಂದು ಸಾಲಿನ ಪ್ರಾರ್ಥನೆ, ಅಮ್ಮ ತನಗೆ ಹೇಳಿದ ಹಾಗೆ. ಹುಡುಗಿ ನಿದ್ದೆ ಹೋದ ಮೇಲೆ ಹೇಳುತ್ತಿದ್ದಳು. ಎಚ್ಚರವಿದ್ದಾಗ ಯಾಕೆ ಹೇಳಲಿಲ್ಲವೋ ಅವಳಿಗೇ ತಿಳಿಯದು.

ಅದಕ್ಕೇ ಕೋವಿಡ್ ಕಾಲದಲ್ಲಿ ಒಂದು ಸಂಜೆ, ಅಡುಗೆಮನೆಯಲ್ಲಿ ಹೀರೇಕಾಯಿ ಹೆಚ್ಚುತ್ತಿದ್ದವಳ ಕೈ ನಿಂತಿತು. ರಕ್ಷಿತಾಳ ಕೋಣೆಯಿಂದ ಯಾರೋ ಗಂಡಸಿನ ದನಿ ಲ್ಯಾಪ್‌ಟಾಪಿನೊಳಗಿಂದ ಶೆಮಾ ಕಲಿಸುತ್ತಿತ್ತು. ಒಂದೊಂದೇ ಶಬ್ದ. ರಕ್ಷಿತಾ ತಪ್ಪುತ್ತಿದ್ದಳು, ಆ ದನಿ ತಾಳ್ಮೆಯಿಂದ ತಿದ್ದುತ್ತಿತ್ತು. ಮಿಲ್ಕಾ ಚಾಕು ಹಿಡಿದುಕೊಂಡೇ ಬಾಗಿಲ ತನಕ ಹೋದಳು. ಅಮ್ಮನನ್ನು ಕಂಡು ಹುಡುಗಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡಳು, ಸದ್ದಿನಿಂದ ತೊಂದರೆಯಾಯಿತೇನೋ ಎಂದು. ಎಂಥ ಸಂಭಾವಿತ ಹುಡುಗಿ. ಆವತ್ತು ಒಳಗೆ ಹೋಗಿ, ಆ ಡಬ್ಬಿ ಮುಚ್ಚು, ನಾ ಹೇಳಿಕೊಡ್ತೀನಿ ಎಂದಿದ್ದರೆ ಇವತ್ತು ಈ ಪ್ರಯಾಣ ಇರುತ್ತಿರಲಿಲ್ಲ. ಎನ್ನಲಿಲ್ಲ. ವಾಪಸ್ ಹೋಗಿ ಹೀರೇಕಾಯಿ ಹೆಚ್ಚಿದಳು.

ಸಿನಗಾಗಿನ ಗೇಟಿನಲ್ಲಿ ಪಿಸ್ತೂಲಿನ ಗಾರ್ಡು ಡಬರಿಯ ಮುಚ್ಚಳ ತೆಗೆಸಿದ. ಒಳಗೆ ಬಗ್ಗಿ ನೋಡಿ ಇದೇನೆಂದು ಕೇಳಿದ. ತಿನ್ನುವುದು ಎಂದಳು. ಇಲ್ಲಿ ಯಾರನ್ನು ನೋಡಬೇಕಿತ್ತು ಎಂದು ಕೇಳಿದ. ನನ್ನನ್ನೇ ಎಲ್ಲರೂ ನೋಡಬೇಕಂತೆ, ಅದಕ್ಕೆ ಕರೆದಿದ್ದಾರೆ ಎಂದು ಹೇಳಬೇಕೆನ್ನಿಸಿತು. ರಬ್ಬಿ ಜೆರೆಮಿಯನ್ನು ಎಂದು ಹೇಳಿದಳು. ಗಿರೀಶನನ್ನು ಅವನು ಏನೂ ಕೇಳಲಿಲ್ಲ, ಗಿರೀಶನೇ ಅವನ ಊರು ಯಾವುದೆಂದು ಕೇಳಿ ಮಾತಿಗೆ ನಿಂತ. ಹಾಲಿನಲ್ಲಿ ಚೆಂಡುಹೂವಿನ ಬಣ್ಣದ ಕಾಗದದ ಮಾಲೆಗಳು, ಯಾವುದೋ ಹಿಂದಿ ಸಿನಿಮಾದ ಕುಣಿತದ ಹಾಡು, ಒಂದು ಮೇಜಿನ ಮೇಲೆ ಸಮೋಸ, ಇನ್ನೊಂದರ ಮೇಲೆ ಮೆಹಂದಿ ಹಾಕುವವಳು. ಮಿಲ್ಕಾಳಿಗೆ ಅತ್ತೆಯ ಕಡೆಯವರ ಮದುವೆಗೆ ತಪ್ಪಿ ಬಂದ ಹಾಗಾಯಿತು. ರಕ್ಷಿತಾ ಓಡಿ ಬಂದು ಅಪ್ಪಿಕೊಂಡಳು. ಇಪ್ಪತ್ತಮೂರರ ಹುಡುಗಿ, ಸ್ಯಾನ್ ಡಿಯೇಗೊದ ಯಾವುದೋ ಲ್ಯಾಬಿನಲ್ಲಿ ಕೆಲಸ, ಕೂದಲು ಸೊಂಟದ ತನಕ. ಮಧ್ಯಾಹ್ನದ ಕೆಲಸಕ್ಕೆ, ಮೈಗೂ ನೀರಿಗೂ ನಡುವೆ ಏನೂ ಇರಬಾರದೆಂದು, ಉಗುರಿನ ಬಣ್ಣ ತೆಗೆದು, ಕಿವಿಯ ಓಲೆ ಬಿಚ್ಚಿ ಸಿದ್ಧವಾಗಿದ್ದಳು. ಆ ಬರಿಗಿವಿ ನೋಡಿ ಮಿಲ್ಕಾಳಿಗೆ ತಡೆಯಲಾಗದಷ್ಟು ಸಿಟ್ಟು ಬಂತು.

ಭಾಷಣ ತಕ್ಕಮಟ್ಟಿಗೆ ಆಯಿತು. ಕೊಂಕಣದ ದಂಡೆಯಲ್ಲಿ ಹಡಗು ಒಡೆದು ಏಳು ಜೋಡಿ ಬದುಕಿ ಉಳಿದ ಕಥೆಗೆ ಎಲ್ಲರೂ ಹಾ ಎಂದರು. ಎಣ್ಣೆ ಗಾಣ ನಡೆಸಿ, ಶನಿವಾರ ಮಾತ್ರ ಗಾಣ ನಿಲ್ಲಿಸುತ್ತಿದ್ದರು ಎಂದಾಗ ಕೆಲವರು ಬರೆದುಕೊಂಡರು. ಮಲೀದಾ ಎಂದರೇನು, ಮದುವೆಗೆ, ಹೊಸ ಮನೆಗೆ, ಕಾಯಿಲೆ ವಾಸಿಯಾದದ್ದಕ್ಕೆ ಎಲಿಯಾಹು ಪ್ರವಾದಿಯನ್ನು ನೆನೆದು ಹೇಗೆ ಮಾಡುತ್ತಾರೆ ಎಂದು ಹೇಳಿ, ಮೇಲೆ ಹಣ್ಣು ಜೋಡಿಸಿ, ಹಂಚಲು ಶುರುಮಾಡಿದಳು. ಹಾಗಾದರೆ ಇದನ್ನು ದೇವರ ಮುಂದೆ ಇಟ್ಟು ಆಮೇಲೆ ತಿನ್ನುವುದೇ ಎಂದು ಮುಂದಿನ ಸಾಲಿನ ಬಿಳಿಗಡ್ಡದವನು ಕೇಳಿದ. ಹುಬ್ಬಳ್ಳಿಯಲ್ಲಿ ಬೆಳೆದ ನಾಲಗೆ. ಓಣಿಯವರಿಗೆ ಸಾವಿರ ಸಲ ಹೇಳಿದ್ದ ಉತ್ತರ ತಾನಾಗಿ ಹೊರಗೆ ಬಂತು. ಹೌದು, ನಮ್ಮ ಪ್ರಸಾದ ಇದ್ದ ಹಾಗೆ ಎಂದುಬಿಟ್ಟಳು. ವಿಗ್ರಹಕ್ಕೆ ಇಟ್ಟದ್ದನ್ನು ಯಹೂದಿ ಮುಟ್ಟುವಂತಿಲ್ಲ. ಪೇಪರ್ ಕಪ್ಪು ಹಿಡಿದಿದ್ದ ಒಂದಷ್ಟು ಕೈಗಳು ಮೇಜಿನ ಮೇಲೆ ಇಳಿದವು. ಬಿಳಿಗಡ್ಡದವನು ನಯವಾಗಿ ತಲೆದೂಗಿದ, ತನಗೆ ಬೇಕಾದ ಉತ್ತರ ಸಿಕ್ಕಿತೆಂಬಂತೆ. ಅಲ್ಲ ಅಲ್ಲ, ಹಾಗಲ್ಲ, ವಿಗ್ರಹ ಇಲ್ಲ, ನೈವೇದ್ಯ ಇಲ್ಲ, ಬರೀ ಹಣ್ಣಿಗೊಂದು ಆಶೀರ್ವಾದ ಎಂದು ಅವಳು ತಿದ್ದತೊಡಗಿದಷ್ಟೂ ತಪ್ಪಿತಸ್ಥಳ ಹಾಗೆ ಕೇಳಿಸಿತು. ಗೋಡೆಗೆ ಒರಗಿ ನಿಂತಿದ್ದ ರಕ್ಷಿತಾಳ ಕಿವಿ ಕೆಂಪಾಗಿತ್ತು. ಕೊನೆಗೆ ಹೂವಿನ ಅಂಗಿ ತೊಟ್ಟ ಹೆಂಗಸೊಬ್ಬಳು, ಬಹಳ ಪ್ರೀತಿಯಿಂದ, ನಿಮ್ಮ ಕುಟುಂಬ ಯಾವಾಗ ಮತಾಂತರವಾಯಿತು ಎಂದು ಕೇಳಿದಳು. ನಿಮ್ಮದು ಯಾವಾಗ ಎಂಬ ಉತ್ತರ ಮಿಲ್ಕಾಳಿಗೆ ಹೊಳೆದದ್ದು ಎಲ್ಲ ಮುಗಿದು ಸಿಂಕಿನಲ್ಲಿ ಡಬರಿ ತೊಳೆಯುವಾಗ. ಮುದ್ದೆಯಾಗಿದ್ದ ಮಲೀದಾ ಅರ್ಧಕ್ಕರ್ಧ ಉಳಿದಿತ್ತು. ಗಿರೀಶ ಅದನ್ನು ನಿಂತಲ್ಲೇ ಚಮಚದಲ್ಲಿ ತಿನ್ನುತ್ತ, ನಮ್ಮ ಮಾದಲಿ ಇದರ ಮುಂದೆ ಏನೂ ಅಲ್ಲ ಎಂದು ಅಡುಗೆಯವನಿಗೆ ವರ್ಣಿಸುತ್ತಿದ್ದ.

ರಬ್ಬಿ ಜೆರೆಮಿ ಪಾತ್ರೆ ಒರೆಸಲು ಬಂದ. ನಲವತ್ತರ ಒಳಗಿನವನು, ಬಟ್ಟೆಯ ಶೂ, ಕಣ್ಣಲ್ಲಿ ನಿಜವಾದ ಮರ್ಯಾದೆ. ಅದೇ ಇನ್ನೂ ಕಷ್ಟ. ಪ್ರಶ್ನೆಗಳಿಗೆ ಕ್ಷಮೆ ಕೇಳಿದ. ರಕ್ಷಿತಾ ತನ್ನ ಬಳಗದಲ್ಲೇ ಚುರುಕಾದವಳು, ಎಲ್ಲರೂ ಒಪ್ಪಿದ್ದನ್ನು ಒಪ್ಪುವುದಿಲ್ಲ, ವಾದ ಮಾಡುತ್ತಾಳೆ ಎಂದು ಹೊಗಳಿದ. ಮನೆಯಲ್ಲಿ ಒಂದು ದಿನವೂ ಎದುರು ಮಾತಾಡದ ಹುಡುಗಿ. ಮಧ್ಯಾಹ್ನದ್ದರ ಬಗ್ಗೆ ಅವನೇ ವಿವರಿಸಿದ. ಈ ವಿಧಿಗೆಂದೇ ಇರುವ ಸ್ನಾನದ ಕೊಳದ ಕಟ್ಟಡದಲ್ಲಿ ಪೈಪಿನ ರಿಪೇರಿ ನಡೆದಿದೆ, ಆದರೆ ಸಮುದ್ರಕ್ಕಿಂತ ಶುದ್ಧವಾದ ಕೊಳ ಇನ್ನೊಂದಿಲ್ಲ ಎಂದು ಹಿಂದಿನಿಂದಲೂ ಇದೆ. ಪೂರ್ತಿ ಮುಳುಗಬೇಕು, ಒಂದು ಕೂದಲೆಳೆಯೂ ಮೇಲೆ ತೇಲಬಾರದು. ಹಾಗೆ ಮುಳುಗಿ ಎದ್ದವರನ್ನು ಈಗ ತಾನೇ ಹುಟ್ಟಿದ ಕೂಸು ಎಂದು ನಮ್ಮವರು ಎಣಿಸುತ್ತಾರೆ, ಎಷ್ಟು ಚೆಂದದ ಕಲ್ಪನೆ ನೋಡಿ ಎಂದ. ಮಿಲ್ಕಾಳ ಕೈಯಲ್ಲಿದ್ದ ಮುಚ್ಚಳ ಸಿಂಕಿಗೆ ಬಿತ್ತು. ಈಗ ತಾನೇ ಹುಟ್ಟಿದ ಕೂಸಿಗೆ ತಾಯಿ ಯಾರು ಎಂದು ಕೇಳಿದಳು. ಅವನು ಬಟ್ಟೆ ಹಿಂಡುತ್ತ ಸ್ವಲ್ಪ ಹಿಂಜರಿದ. ಹೀಬ್ರೂ ಹೆಸರಿಗೆ ತಂದೆತಾಯಿಯ ಹೆಸರು ಸೇರಿಸಿ ಕರೆಯುವುದು ವಾಡಿಕೆ, ಈ ದಾರಿಯಿಂದ ಬಂದವರನ್ನು ಮಾತ್ರ ಮೂಲ ತಂದೆತಾಯಿ ಅಬ್ರಹಾಮ ಮತ್ತು ಸಾರಾರ ಮಗಳು ಎನ್ನುತ್ತೇವೆ, ಅದೊಂದು ಗೌರವ ಎಂದ.

ಇಪ್ಪತ್ತಮೂರು ವರ್ಷದ ಹಿಂದೆ ಟೊರೆನ್ಸ್‌ನ ಆಸ್ಪತ್ರೆಯಲ್ಲಿ ಗಿರೀಶ ವೆಂಡಿಂಗ್ ಮೆಷಿನ್ನಿನ ಮುಂದೆ ಚಿಲ್ಲರೆ ಹುಡುಕುತ್ತ ನಿಂತಿದ್ದಾಗ, ಇವಳು ಮಂಚದ ಕಬ್ಬಿಣ ಹಿಡಿದು ಮರಾಠಿಯಲ್ಲಿ ಅಮ್ಮನನ್ನು, ಕನ್ನಡದಲ್ಲಿ ಶಾರದವ್ವನನ್ನು ಕರೆಯುತ್ತ ಅರಚಿದ್ದಳು. ಆಗ ಸಾರಾ ಎಲ್ಲಿದ್ದಳು? ಮಂದಿ ಮಾಡಿದ್ದನ್ನು ತಾನು ಸಹಿಸಿದ್ದಾಳೆ. ಕುರ್ಚಿ ಮಡಚಿದ್ದಾಳೆ. ಇದು ಬೇರೆ. ಇವತ್ತು ಸಂಜೆಯಿಂದ ತನ್ನ ಮಗಳನ್ನು ಸಿನಗಾಗಿನಲ್ಲಿ ಗ್ರಂಥ ಓದಲು ಕರೆಯುವಾಗ, ಮದುವೆಯಲ್ಲಿ, ಕೊನೆಗೆ ಸಮಾಧಿಯ ಕಲ್ಲಿನ ಮೇಲೆ, ಎಲ್ಲಿಯೂ ಮಿಲ್ಕಾ ಎಂಬ ಹೆಸರು ಬರುವುದಿಲ್ಲ. ಪ್ರಪಂಚದಲ್ಲಿ ತನ್ನ ಹೆಸರು ನಿಲ್ಲಬಹುದಾದ ಜಾಗ ಇದೊಂದೇ ಇತ್ತು, ಇಲ್ಲಿಂದಲೂ ಒರೆಸುತ್ತಿದ್ದಾರೆ, ಗೌರವದಿಂದ. ರಕ್ಷಿತಾಳಿಗೆ ಇದು ಗೊತ್ತೇ ಎಂದು ಕೇಳಿದಳು. ಗೊತ್ತು ಎಂದ ರಬ್ಬಿ.

ದಂಡೆಗೆ ಹೋಗುವಾಗ ರಕ್ಷಿತಾ ಅವರ ಕಾರಿನಲ್ಲೇ ಕೂತಳು. ಗಿರೀಶ ಹಾಡು ನಿಲ್ಲಿಸಿದ್ದ. ಜೂನ್ ತಿಂಗಳ ಬೂದು ಮೋಡ ನೀರಿನ ತನಕ ಇಳಿದಿತ್ತು. ಇಂಥ ಕೆಲಸಕ್ಕೆ ಒಂದು ಮರೆ ಇರುತ್ತದೆ ಎಂದುಕೊಂಡಿದ್ದಳು ಮಿಲ್ಕಾ. ಲಾ ಹೋಯಾದ ಆ ದಂಡೆಯಲ್ಲಿ ಕಪ್ಪು ರಬ್ಬರ್ ಉಡುಪಿನ ಸರ್ಫಿಂಗ್ ಹುಡುಗರು, ಚೆಂಡಿನ ಹಿಂದೆ ಓಡುವ ನಾಯಿಗಳು, ಬರ್ತ್‌ಡೇ ಪಾರ್ಟಿಯ ಬಲೂನು. ರಬ್ಬಿಯೂ ಇನ್ನಿಬ್ಬರೂ ಪ್ಯಾಂಟು ಮಡಚಿ ಮರಳಿನಲ್ಲಿ ನಿಂತಿದ್ದರು. ಈ ಕೆಲಸಕ್ಕೆ ಮೂವರ ಪೀಠ ಬೇಕಂತೆ. ಒಬ್ಬ ರಿಟೈರಾದ ಹಲ್ಲಿನ ಡಾಕ್ಟರು, ಇನ್ನೊಬ್ಬ ಬೆಳಗಿನ ಬಿಳಿಗಡ್ಡದವನು. ಮೂವರೂ ಫೋನ್ ಹಿಡಿದು ಪೇಚಾಡುತ್ತಿದ್ದರು. ನೀರಿನಲ್ಲಿ ಜೊತೆಗೆ ನಿಂತು ನೋಡಬೇಕಿದ್ದ ಹೆಂಗಸಿಗೆ ಕೋವಿಡ್ ಪಾಸಿಟಿವ್ ಬಂದು ಆಕೆ ಬರುವಂತಿಲ್ಲ. ಗಂಡಸರು ಅಷ್ಟು ಹತ್ತಿರ ಹೋಗುವಂತಿಲ್ಲ. ಬೇರೆ ಯಾರೂ ಫೋನ್ ಎತ್ತುತ್ತಿಲ್ಲ, ಅಲೆ ಏರುತ್ತಿದೆ. ರಬ್ಬಿ ತಲೆ ಎತ್ತಿ ಮಿಲ್ಕಾಳನ್ನು ನೋಡಿದ. ಅವನ ಮುಖ ತಿಳಿಯಾಯಿತು.

‘ನೀವೇ ಇದ್ದೀರಲ್ಲ,’ ಎಂದ.

ಏನು ಮಾಡಬೇಕು ಎಂದು ಅವಳು ಕೇಳಿದಳು. ಅವಳೊಂದಿಗೆ ನೀರಿಗೆ ಇಳಿದು ನಿಲ್ಲಬೇಕು, ಪೂರ್ತಿ ಮುಳುಗಿದ್ದನ್ನು ಕಣ್ಣಾರೆ ಕಂಡರೆ ಕೋಶರ್ ಎಂದು, ಅಂದರೆ ವಿಧಿಯಂತೆ ಆಯಿತೆಂದು, ಇಲ್ಲಿಗೆ ಕೇಳುವಂತೆ ಕೂಗಬೇಕು. ನೀವು ಕೂಗಿದರೆ ಆಯಿತು, ಕೂಗದಿದ್ದರೆ ಆಗಲಿಲ್ಲ ಎಂದ ರಬ್ಬಿ.

‘ಅದಕ್ಕೆ ಯಹೂದಿ ಹೆಂಗಸೇ ಬೇಕೇ?’

‘ಹೌದು.’

‘ನಾನು ನಡೆಯುತ್ತೇನೆಯೇ?’

ಮೂವರೂ ಒಟ್ಟಿಗೆ, ಅದೇನು ಮಾತು ಎಂದರು. ಬಿಳಿಗಡ್ಡದವನೂ ಎಂದ.

‘ನಾನು ನಡೆಯುವುದಾದರೆ ಇವಳು ಯಾಕೆ ನಡೆಯುವುದಿಲ್ಲ?’

ನಾಯಿಯೊಂದು ಬಂದು ಹಲ್ಲಿನ ಡಾಕ್ಟರ ಮಡಚಿದ ಪ್ಯಾಂಟನ್ನು ಮೂಸಿತು. ರಬ್ಬಿ ಕಷ್ಟದಿಂದ, ಈ ಮಾತನ್ನು ನಾನೇ ಇವಳಿಗೆ ಎಷ್ಟೋ ಸಲ ಹೇಳಿದ್ದೇನೆ ಎಂದ. ಎಲ್ಲರೂ ರಕ್ಷಿತಾಳನ್ನು ನೋಡಿದರು. ಅವಳು ಸಡಿಲವಾದ ಬಿಳಿ ಹತ್ತಿಯ ನಿಲುವಂಗಿಯಲ್ಲಿ ಆಗಲೇ ನೀರಿನ ಕಡೆ ಹೊರಟಿದ್ದಳು. ಮಿಲ್ಕಾ ಚಪ್ಪಲಿ ಬಿಟ್ಟಳು, ಗಡಿಯಾರ ಬಿಚ್ಚಿ ಗಿರೀಶನ ಕೈಗೆ ಕೊಟ್ಟಳು. ಟವೆಲ್ ಹೆಗಲಿಗೆ ಹಾಕಿಕೊಂಡಿದ್ದ ಅವನು, ಜ್ವಾಕಿ, ಒಳಗ ಕಲ್ಲು ಇರ್ತಾವ ಎಂದಷ್ಟೇ ಹೇಳಿದ.

ನೀರು ಐಸಿನ ಹಾಗಿತ್ತು. ಚೂಡಿದಾರದ ಪೈಜಾಮ ಕಾಲಿಗೆ ಅಂಟಿ, ಒಂದೊಂದು ಅಲೆಗೂ ಉಸಿರು ಹಿಡಿದುಹೋಗಿ, ಸೊಂಟದ ತನಕ ಹೋಗುವಷ್ಟರಲ್ಲಿ ಅವಳಿಗೆ ಸಿಟ್ಟಿನಿಂದ ಅಳು ಬಂದಿತ್ತು. ಇಷ್ಟು ದೂರ ಬಂದರೆ ದಂಡೆಯವರಿಗೆ ಮಾತು ಕೇಳಿಸುವುದಿಲ್ಲ. ಬೆಳಗಿನಿಂದ ನುಂಗಿದ್ದನ್ನು ಕಕ್ಕಿದಳು.

‘ನನ್ನ ಹೊಟ್ಟ್ಯಾಗ ಹುಟ್ಟಿದ್ದು ಸಾಲಲಿಲ್ಲೇನು ನಿನಗ? ಹುಬ್ಬಳ್ಳ್ಯಾಗ ಯಾರೂ ಕೇಳಲಿಲ್ಲ ನನ್ನ. ನಿನ್ನೂ ಯಾರೂ ಕೇಳಿಲ್ಲ, ಆ ರಬ್ಬೀನಽ ಬ್ಯಾಡ ಅಂತಾನ. ನೀನಽ ನಿನ್ನ ಕೇಳ್ಕೊಂಡು ನನ್ನ ಅಳಿಸಿ ಹಾಕ್ಲಿಕತ್ತಿ.’

ರಕ್ಷಿತಾ ಯಾವಾಗಿನಂತೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು, ಹಲ್ಲು ಕಟಕಟಿಸುತ್ತ, ಅಲೆ ಬಂದಾಗ ನಿಲ್ಲಿಸಿ, ಹೋದಮೇಲೆ ಮುಂದುವರಿಸಿ. ಅಮ್ಮನಿಗೆ ಓಣಿಯಿತ್ತು, ಬಾಗಿಲು ಕಾಯುವ ಶಾರದವ್ವ ಇದ್ದಳು. ತನಗೆ ಹಿರೇಮಠ ಎಂಬ ಹೆಸರಿದೆ, ಗಣಪತಿಯ ಮುಂದೆ ಕುಣಿದ ಫೋಟೋಗಳಿವೆ. ಪ್ರತಿ ಭಾನುವಾರ ಹೊಸಬರು ಬಂದಾಗ ನೀನು ಹೇಗೆ ಯಹೂದಿ ಎಂದು ಕೇಳುತ್ತಾರೆ, ಅಮ್ಮನ ಕಡೆಯಿಂದ ಎನ್ನುತ್ತಾಳೆ, ಅಮ್ಮ ಏನು ಕಲಿಸಿದಳು ಎನ್ನುತ್ತಾರೆ.

‘ಏನು ಹೇಳಲಿ ನಾನು? ನಿನ್ನ ಹತ್ತಿರ ಅದು ಇತ್ತು, ಅಮ್ಮ. ನೀನು ಅದನ್ನು ಇಟ್ಟುಕೊಂಡಿದ್ದೆ. ನನಗೆ ಕೊಡಲೇ ಇಲ್ಲ. ಯಾರಾದರೂ ಕೊಟ್ಟದ್ದು, ನಾನು ತೆಗೆದುಕೊಂಡದ್ದು, ಒಬ್ಬರು ನಿಂತು ನೋಡಿದ್ದು, ಅಷ್ಟು ಬೇಕು ನನಗೆ.’

ಇದಕ್ಕೆ ಮಿಲ್ಕಾಳಿಗೆ ಸಿಂಕಿನ ಮುಂದೆಯೂ ಉತ್ತರ ಹೊಳೆಯುವಂತಿರಲಿಲ್ಲ. ದಂಡೆಯಿಂದ ರಬ್ಬಿ ಕೈ ಎತ್ತಿ ತೋರಿಸಿ ಪಕ್ಕಕ್ಕೆ ತಿರುಗಿ ನಿಂತ, ಇನ್ನಿಬ್ಬರೂ ತಿರುಗಿದರು. ರಕ್ಷಿತಾ ಕಣ್ಣು ಮುಚ್ಚಿ ಮುಳುಗಿದಳು. ಅಷ್ಟರಲ್ಲಿ ನೊರೆ ಬಂದು ಕವಿಯಿತು. ನೊರೆ ಸರಿದಾಗ ಆ ಸೊಂಟದುದ್ದದ ಕೂದಲು ನೀರಿನ ಮೇಲೆ ಹರಡಿ ತೇಲುತ್ತಿತ್ತು. ಎದ್ದು ನಿಂತು ಮುಖ ಒರೆಸಿಕೊಂಡು, ದಂಡೆಯ ಕಡೆ ನೋಡದೆ, ಅಮ್ಮನ ಕಡೆ ನೋಡಿದಳು.

‘ಇಲ್ಲ,’ ಎಂದಳು ಮಿಲ್ಕಾ. ‘ಕೂದಲ ಮ್ಯಾಲೆ ಇತ್ತು.’

ವಾದ ಮಾಡುತ್ತಾಳೆಂದು ಖ್ಯಾತಿ ಪಡೆದ ಹುಡುಗಿ ವಾದ ಮಾಡಲಿಲ್ಲ. ಕೂದಲನ್ನು ಹಿಂಡಿ, ಉಸಿರು ಎಳೆದುಕೊಂಡು, ಮತ್ತೆ ಹೋದಳು. ಈ ಸಲ ನೀರು ತಿಳಿಯಾಗಿತ್ತು. ಬಿಳಿ ಅಂಗಿ, ಮಡಚಿದ ಮಂಡಿ, ಕೂದಲು, ಎಲ್ಲ ಕೆಳಗೆ, ಮೇಲೆ ಏನೂ ಇಲ್ಲ. ಮಿಲ್ಕಾ ಕಂಡಳು. ಅನುಮಾನವೇ ಇರಲಿಲ್ಲ. ಎದ್ದವಳು ನಡುಗುತ್ತ ನಿಂತು ಮತ್ತೆ ಅವಳನ್ನೇ ನೋಡಿದಳು. ದಂಡೆಯ ಮೇಲೆ ಮೂವರು ಗಂಡಸರು ಬೆನ್ನು ತಿರುಗಿಸಿ ಕಾಯುತ್ತಿದ್ದರು. ತಾನು ಬಾಯಿ ಬಿಡುವ ತನಕ ಅವರ ಕಲಿಕೆ, ಗ್ರಂಥ, ಪೀಠ ಯಾವುದೂ ಅಲ್ಲಾಡುವಂತಿಲ್ಲ. ಇಲ್ಲ ಎಂದರೆ ಹುಡುಗಿ ಇನ್ನೊಮ್ಮೆ ಮುಳುಗುತ್ತಾಳೆ, ಮತ್ತೂ ಇಲ್ಲ ಎಂದರೆ ಮತ್ತೂ ಮುಳುಗುತ್ತಾಳೆ, ತುಟಿ ನೀಲಿಯಾಗುವ ತನಕ ಅಮ್ಮನ ಮಾತು ನಂಬುತ್ತಾಳೆ. ಅಮ್ಮ ಹೇಳಿದ್ದನ್ನು ಬಿಟ್ಟು ಬೇರೆ ಖಾತ್ರಿ ಈಗ ಆ ಹುಡುಗಿಗೆ ಇಲ್ಲ. ಇಷ್ಟು ವರ್ಷ ಕೊಡದೇ ಇಟ್ಟುಕೊಂಡದ್ದನ್ನು ಇನ್ನೂ ಎಷ್ಟು ಹೊತ್ತು ಹಿಡಿದುಕೊಂಡಿರುವುದು ಎನ್ನಿಸಿ ಮಿಲ್ಕಾಳಿಗೆ ತನ್ನ ಮೇಲೇ ರೇಗಿತು.

‘ಕೋಶರ್,’ ಎಂದು ಕೂಗಿದಳು. ಬರ್ತ್‌ಡೇ ಪಾರ್ಟಿಯವರೂ ತಿರುಗಿ ನೋಡುವಷ್ಟು ಜೋರಾಗಿ ಕೂಗಿದಳು.

ದಂಡೆಯಲ್ಲಿ ಗಂಡಸರು ಇತ್ತ ತಿರುಗಿ ಚಪ್ಪಾಳೆ ತಟ್ಟಿದರು, ಏನೆಂದು ತಿಳಿಯದೆ ಗಿರೀಶನೂ ತಟ್ಟಿದ. ರಬ್ಬಿ ಎರಡೂ ಕೈಯನ್ನು ಬಾಯಿಯ ಸುತ್ತ ಹಿಡಿದು, ಅಲೆಯ ಸದ್ದಿನ ಮೇಲೆ, ಇಸ್ರಾಯೆಲಿನ ಜನರ ನಡುವೆ ಇನ್ನು ಇವಳ ಹೆಸರು ತಿರ್ಜಾ ಎಂದು ಶುರುಮಾಡಿದ. ಹುಡುಗಿ ತಾನೇ ಆರಿಸಿಕೊಂಡ ಹೆಸರು. ಒಳ್ಳೆಯ ಹೆಸರೇ. ಅವನು ಮುಂದಿನ ಮಾತಿಗೆ ಉಸಿರು ತೆಗೆದುಕೊಂಡ.

‘ತಡೀರಿ,’ ಎಂದು ಮಿಲ್ಕಾ ಅರಚಿದಳು. ಇಂಗ್ಲಿಷಿನ ಒಂದಕ್ಷರವೂ ನೆನಪಿಗೆ ಬರಲಿಲ್ಲ. ‘ಅಬ್ರಹಾಮ, ಸಾರಾ ಆಮ್ಯಾಲೆ ಬರಲಿ. ಮೊದಲ ಹಡದಾಕಿ ಹೆಸರು ಹೇಳ್ರಿ. ಮಿಲ್ಕಾ. ಹೇಳದಿದ್ರ ನನ್ನ ಸಾಕ್ಷಿ ನಾ ವಾಪಸ್ ತಗೋತೀನಿ.’

ರಬ್ಬಿ ಕಿವಿಗೆ ಕೈ ಇಟ್ಟು, ಏನು ಎಂದು ಸನ್ನೆ ಮಾಡಿದ. ಮಿಲ್ಕಾಳ ಬಾಯಿಗೆ ಅಲೆಯ ಉಪ್ಪುನೀರು ಹೊಕ್ಕು ಕೆಮ್ಮು ಹತ್ತಿತ್ತು. ರಕ್ಷಿತಾ ಮುಖದ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸಿ, ದಂಡೆಯ ಕಡೆ ತಿರುಗಿ, ಬೆದರಿಕೆಯನ್ನೂ ಬಿಡದೆ ಅಷ್ಟನ್ನೂ ಇಂಗ್ಲಿಷಿನಲ್ಲಿ ಕೂಗಿ ಹೇಳಿದಳು.